ತಟ್ಟೆ ಒರೆಸದ ತೂಕ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ಸುಹಾಸಿನಿ ಅವರೇ, ನಮ್ಮ ಅಮರಗೋಳದ ಹಿರಿಯ ಶ್ರಮಿಕರ ಸಂಘದ ಕಾರ್ಯದರ್ಶಿ ಉದಯಕುಮಾರ ಅವರೇ, ಮುಂದಿನ ಸಾಲಿನ ಅತಿಥಿಗಳೇ, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬೆಳಿಗ್ಗೆಯೇ ಟವೆಲ್ ಹಾಸಿ ಹೋಗಿದ್ದ ನನ್ನ ಹಳೆಯ ಗೆಳೆಯರೇ, ತಾಯಂದಿರೇ, ಸಭಿಕರೇ,

ಮೊದಲು ಒಂದು ತಕರಾರು. ಸಕ್ಕರೆ ಕಾಯಿಲೆಯವರ ಸಭೆಗೆ ಎರಡು ಕಿಲೋ ಪೇಡೆ ತಂದ ಪುಣ್ಯಾತ್ಮ ಯಾರು? ನಗಬೇಡಿ. ಯಾರೆಂದು ನನಗೆ ಗೊತ್ತು. ಹೆಸರು ಹೇಳಿದರೆ ಉದಯಕುಮಾರ ಅವರಿಗೆ ಬೇಸರವಾಗುತ್ತದೆ.

ಎರಡನೆಯದಾಗಿ, ಆ ಶಾಲು ಸದ್ಯಕ್ಕೆ ಮೇಜಿನ ಮೇಲೆಯೇ ಇರಲಿ. ಜೂನ್ ತಿಂಗಳ ಧಗೆಯಲ್ಲಿ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂಬ ಪ್ರಶ್ನೆ ಬೇರೆ. ಆದರೆ ಕಾರಣ ಅದಲ್ಲ.

ಈಗ ತಾನೇ ಕಾರ್ಯದರ್ಶಿಗಳು ನನ್ನ ಬಗ್ಗೆ ಎರಡು ಮಾತು ಹೇಳಿದರು. ಸೋಮಪ್ಪನವರು ವರ್ಷವಿಡೀ ಪ್ರತಿ ಗುರುವಾರ ಇಪ್ಪತ್ತೆರಡು ಜನ ಹಿರಿಯರಿಗೆ ತಮ್ಮ ರಕ್ತದ ಸಕ್ಕರೆಯನ್ನು ತಾವೇ ನೋಡಿಕೊಳ್ಳಲು ಕಲಿಸಿದರು ಎಂದರು. ಅದು ನಿಜ. ಮೊನ್ನೆ ಮಾರ್ಚಿನಲ್ಲಿ ಅಲ್ಲಾಸಾಬನ ಪ್ರಾಣ ಉಳಿಸಿದರು ಎಂದರು. ಅದು ಸುಳ್ಳು. ಆ ಸುಳ್ಳಿನ ತಂದೆ ನಾನೇ.

ಅಲ್ಲಾಸಾಬ ಅಗೋ, ಹಿಂದಿನ ಬಾಗಿಲ ಹತ್ತಿರ ಕುಳಿತಿದ್ದಾನೆ. ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಅವನು ತಲೆಗಾತ್ರದ ಬೆಲ್ಲದ ಪೆಂಟಿ ಎತ್ತಿ ಇಟ್ಟ, ನಾನು ತೂಗಿದೆ. ಮೂರು ತಿಂಗಳಿಂದ ಅವನು ಪರೀಕ್ಷೆಗೆ ಬಂದಿಲ್ಲ. ಅವನ ಎಡಗಾಲಿನ ಹೆಬ್ಬೆರಳಿಗೆ ಗಾಯವಾಗಿದೆ. ಸಕ್ಕರೆ ಹಿಡಿತದಲ್ಲಿ ಇರದಿದ್ದರೆ ಬೆರಳು ಉಳಿಯುವುದು ಕಷ್ಟ ಎಂದು ಡಾಕ್ಟರರು ಹೇಳಿದ್ದಾರೆ. ಇವತ್ತು ಸೊಸೆ ಸಿತಾರಾ ಎಳೆದುಕೊಂಡು ಬಂದಿದ್ದಾಳೆಂದು ಬಂದಿದ್ದಾನೆ. ಚಹಾ ಕುಡಿದು ಎದ್ದು ಹೋಗುವ ವಿಚಾರ ಅವನದು. ಚಹಾ ಬರುವುದರೊಳಗೆ ನಾನು ಮಾತು ಮುಗಿಸಬೇಕು.

ನಾನು ಹೆಚ್ಚು ಓದಿದವನಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಮಾಸ್ತರರ ಪೆನ್ನು ಕಳೆದಿತ್ತು, ನಾನೇ ಕದ್ದೆನೆಂದು ಛಡಿಯಿಂದ ಬಾರಿಸಿದರು. "ನನ್ನ ಪಾಟೀಚೀಲ ನೋಡ್ರಿ" ಎಂದೆ, ನೋಡಲಿಲ್ಲ. ಸಂಜೆ ಪೆನ್ನು ಅವರ ಕೋಟಿನ ಇನ್ನೊಂದು ಕಿಸೆಯಲ್ಲೇ ಸಿಕ್ಕಿತಂತೆ. "ಸಿಕ್ತು" ಎಂದರಂತೆ, ಅಷ್ಟೇ. ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇದನ್ನು ಯಾಕೆ ಹೇಳಿದೆ? ಓದು ಕಡಿಮೆ ಎಂದು ಹೇಳಲು ಹೊರಟಿದ್ದೆ. ಇರಲಿ.

ನನಗೆ ಅಂಕಿ ಕಲಿಸಿದ್ದು ನಮ್ಮ ತಕ್ಕಡಿ, ಕಾಟಾ. ಮಾರುಕಟ್ಟೆಯಲ್ಲಿ ನನ್ನ ಹೆಸರೇ ಕಾಟಾ ಸೋಮಪ್ಪ. ಬೆಲ್ಲ ತೂಗುವವನ ಮೊದಲ ಕೆಲಸ ಯಾವುದು? ತೂಗುವುದೇ? ಅಲ್ಲ. ತಟ್ಟೆ ಒರೆಸುವುದು. ಬೆಲ್ಲ ಅಂಟಿನ ಜಾತಿ. ಹಿಂದಿನ ಪೆಂಟಿಯ ಚೂರು ತಟ್ಟೆಗೆ ಅಂಟಿಕೊಂಡಿದ್ದರೆ ಮುಂದಿನವನ ತೂಕ ಸುಳ್ಳಾಗುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ತಟ್ಟೆ ಒರೆಸದೆ ತೂಗಿದವನಲ್ಲ ನಾನು. ಒಂದು ದಿನವೂ ಇಲ್ಲ.

ಹೋದ ವರ್ಷ, ಎರಡು ಸಾವಿರದ ಮೂರರಲ್ಲಿ, ಸಂಘಕ್ಕೆ ಸಕ್ಕರೆ ನೋಡುವ ಯಂತ್ರ ಬಂತು. ಅಂಗೈಯಗಲದ್ದು. ಡಾಕ್ಟರರು ನನ್ನನ್ನೇ ಕರೆದು, "ಸೋಮಪ್ಪನವರ, ಇದೂ ಒಂದು ಕಾಟಾನ ರೀ. ನೀವ ನೋಡ್ಕೋರಿ" ಎಂದರು. ಸೋಪು ಹಚ್ಚಿ ಕೈ ತೊಳೆಸಬೇಕು, ಒರೆಸಬೇಕು, ಬೆರಳಿನ ಪಕ್ಕಕ್ಕೆ ಚುಚ್ಚಬೇಕು, ಹನಿ ರಕ್ತವನ್ನು ಯಂತ್ರಕ್ಕೆ ಸಿಕ್ಕಿಸಿದ ಪಟ್ಟಿಗೆ ಮುಟ್ಟಿಸಬೇಕು, ಬಂದ ಅಂಕಿಯನ್ನು ವಹಿಯಲ್ಲಿ ಬರೆಯಬೇಕು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು.

ಆದರೆ ನಮ್ಮಲ್ಲಿ ನಲ್ಲಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಇಪ್ಪತ್ತೆರಡು ಜನ ಕೈ ತೊಳೆದರೆ ಎಷ್ಟು ಕೊಡ ನೀರು? ಬೇಸಿಗೆ ಬಂದ ಕೂಡಲೇ ನಾನು ನನ್ನದೇ ಕಾನೂನು ಮಾಡಿದೆ. "ಧೋತರಕ್ಕ ಕೈ ಒರಸ್ಕೋರಿ, ಸಾಕು. ಬೆರಳ ಚುಚ್ಚೂದು ಒಂದ, ಮದುವಿ ಊಟದ ಹಂಗ ಹತ್ತೂ ಬೆರಳ ತೊಳೀತೀರೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಡಾಕ್ಟರರೇ, ಈ ಕಾನೂನು ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ, ಸಿಟ್ಟು ಆಮೇಲೆ ಮಾಡಿ.

ಮಾರ್ಚಿನ ಆ ಗುರುವಾರ ಅಲ್ಲಾಸಾಬ ಬೆಳಿಗ್ಗೆ ಏಳಕ್ಕೆ ಬಂದ. ನಮಗೆಲ್ಲ ಕೆಲಸ ಬಿಟ್ಟಿದೆ, ಅವನು ಮಾತ್ರ ಇನ್ನೂ ನಸುಕಿನಲ್ಲಿ ಬೆಲ್ಲದ ಅಂಗಡಿಗೆ ಹೋಗಿ ಪೆಂಟಿ ಆರಿಸಿಕೊಟ್ಟು ಬರುತ್ತಾನೆ. ಅಲ್ಲಿಂದ ನೆಟ್ಟಗೆ ಬಂದಿದ್ದ. ಕೈಯನ್ನು ಲುಂಗಿಗೆ ಒರೆಸಿದ. ಚುಚ್ಚಿದೆ. ಮುನ್ನೂರ ಎಂಬತ್ತಾರು!

"ಏನ್ ತಿಂದಿ? ಖರೇ ಹೇಳ" ಎಂದೆ.

"ಅಲ್ಲಾನ ಆಣಿ ಸೋಮ್ಯಾ, ನೀರು ಬಿಟ್ಟರ ಏನೂ ಮುಟ್ಟಿಲ್ಲೋ."

"ಕಾಟಾ ಸುಳ್ಳ ಹೇಳೂದಿಲ್ಲ. ಮನಷ್ಯಾ ಹೇಳತಾನ."

"ಇನ್ನೊಮ್ಮೆ ನೋಡೋ."

"ಪಟ್ಟಿ ಏನ ನಿಮ್ಮಪ್ಪ ಮಾಡಿ ಇಟ್ಟಾನೇನ?"

ಅವತ್ತು ಸರದಿಯಲ್ಲಿ ಹಿಂದೆಯೇ ಇದ್ದ ರೇಣವ್ವ, ನೀನು ಅಲ್ಲಿ ತಲೆ ತಗ್ಗಿಸಬೇಡ. "ಇಲಿಗೆ ಬೆಲ್ಲದ ಅಂಗಡಿ ಕಾಯಾಕ ಇಟ್ಟಂಗಾತು" ಎಂದು ನೀನು ಅಂದದ್ದು ಖರೆ, ಎಲ್ಲರೂ ಬಿದ್ದು ಬಿದ್ದು ನಕ್ಕದ್ದೂ ಖರೆ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಲ್ಲಾಸಾಬ, ಅರವತ್ತೆಂಟು ವರ್ಷದ ಮನುಷ್ಯ, ಚಪ್ಪಲಿ ಮೆಟ್ಟಿ ಹೋಗಿಬಿಟ್ಟ.

ಆಮೇಲೆ ಏನು ಮಾಡಿದ? ನನ್ನ ಅಂಕಿಯನ್ನು ನಂಬಿದ! ದಿನವಿಡೀ ಉಪವಾಸ ಇದ್ದ. ಒಂದು ಗುಳಿಗೆಯ ಬದಲು ಎರಡು ನುಂಗಿದ. ಸಂಜೆ ನಾಲ್ಕಕ್ಕೆ ಸಿತಾರಾ ನಮ್ಮ ಮನೆಗೆ ಓಡಿ ಬಂದಳು. "ಕಾಕಾ, ಲಗೂ ಬರ್ರಿ! ಮಾವಾರು ನಡಗಾಕತ್ತಾರ, ಬೆವತು ತೊಯ್ದು ತಪ್ಪಡಿ ಆಗ್ಯಾರ, ಮಾತು ತೊದಲಾಕತ್ತಾವ!" ನಾನು ಡಾಕ್ಟರರನ್ನು ಕರೆತರಲು ಓಡಿದೆ. ನಾನು ಮಾಡಿದ್ದು ಇಷ್ಟೇ. ಓಡಿದ್ದು. ಅದನ್ನೇ ಪ್ರಾಣ ಉಳಿಸಿದ್ದು ಎಂದು ಊರು ಹೇಳಿದಾಗ ನಾನು ಹೂಂ ಎಂದೆ.

ಡಾಕ್ಟರರು ಬಂದವರೇ ಮೊದಲು ಅವನ ಕೈ ತೊಳೆಸಿದರು. ಆಮೇಲೆ ಚುಚ್ಚಿದರು. ನಲವತ್ತಾರು. ಸಕ್ಕರೆ ಪೂರಾ ಇಳಿದುಹೋಗಿತ್ತು. ಇನ್ನೂ ನುಂಗುವ ಶಕ್ತಿ ಇತ್ತು, ಹಾಗಾಗಿ ಬೆಲ್ಲದ ನೀರು ಕುಡಿಸಿದರು. ಕಾಲು ತಾಸಿನಲ್ಲಿ ಮನುಷ್ಯ ನೆಟ್ಟಗಾದ. ಬಳಿಕ ದವಾಖಾನೆಗೆ ಕರೆದೊಯ್ದು ರಾತ್ರಿಯಿಡೀ ನೋಡಿಕೊಂಡರು. ಅವನನ್ನು ಉಳಿಸಿದ್ದು ಇವರು, ಮತ್ತು ಬೆಲ್ಲ. ಕೆಡಿಸಿದ್ದೂ ಬೆಲ್ಲವೇ, ಅವನು ತಿಂದದ್ದಲ್ಲ, ಬೆರಳಿಗೆ ಅಂಟಿದ್ದದ್ದು. ಯಂತ್ರ ರಕ್ತದ ಜೊತೆ ಅದನ್ನೂ ತೂಗಿತ್ತು.

ಅವನ ಹಾಸಿಗೆಯ ಪಕ್ಕದಲ್ಲೇ ಡಾಕ್ಟರರು ಕೇಳಿದರು, "ಸೋಮಪ್ಪನವರ, ಮುಂಜಾನಿ ಕೈ ತೊಳಿಸಿದ್ರಿಲ್ಲ?"

"ತೊಳಿಸಿದ್ದೆರೀ" ಎಂದೆ.

ಅಲ್ಲಾಸಾಬ ಕಣ್ಣು ತೆರೆದು ನನ್ನ ಕಡೆ ನೋಡಿದ. ಆ ಗಳಿಗೆಯಿಂದ ಇಂದಿನವರೆಗೂ ನನ್ನ ಸುಳ್ಳನ್ನು ಯಾರ ಮುಂದೆಯೂ ಬಯಲು ಮಾಡಿಲ್ಲ. ನನ್ನ ಮಾನ ಕಾಯ್ದ, ಪರೀಕ್ಷೆಗೆ ಬರುವುದನ್ನು ಬಿಟ್ಟ. ನಾನು ಎರಡು ಸಲ ಅವನ ಮನೆಯ ತನಕ ಹೋದೆ. ಕ್ಷಮಿಸು ಎನ್ನಲು ಹೋಗಿ, ಬಾಗಿಲಲ್ಲಿ ನಿಂತು, "ಯಾಕ್ಲೇ ಬರವಲ್ಲಿ, ಸೊಕ್ಕೇನ?" ಎಂದು ಬೈದು ಬಂದೆ. ನನ್ನ ಬಾಯಿ ಅಂಥದು. ನನ್ನ ಹೆಂಡತಿ ಸಾವಕ್ಕ ಹೇಳುತ್ತಾಳೆ, "ನಿಮಗ ಸಕ್ಕರಿ ಕಾಯಿಲೆ ಹೆಂಗ ಬಂತೋ ನಾ ಕಾಣೆ. ಮಾತಿನ್ಯಾಗಂತೂ ಒಂದು ಹರಳು ಇಲ್ಲ."

ಸಭಿಕರೇ, ಇವತ್ತಿನಿಂದ ಕಾನೂನು ಬದಲಾಗಿದೆ. ನೀರು ಎಂಟು ದಿನಕ್ಕೆ ಬರಲಿ, ಹದಿನೈದು ದಿನಕ್ಕೆ ಬರಲಿ, ಕೈ ತೊಳೆಯದೆ ಯಾರೂ ಚುಚ್ಚಿಕೊಳ್ಳಬಾರದು. ಒಬ್ಬೊಬ್ಬರೂ ಮನೆಯಿಂದ ಒಂದು ತಂಬಿಗಿ ನೀರು ತನ್ನಿ. ಅಂಕಿಗೂ ಮನುಷ್ಯನ ಮಾತಿಗೂ ತಾಳೆಯಾಗದಿದ್ದರೆ ಮತ್ತೊಮ್ಮೆ ತೊಳೆದು ಮತ್ತೊಮ್ಮೆ ನೋಡಿ, ಬೈಯುವುದು ಆಮೇಲೆ ಇದ್ದೇ ಇದೆ. ಡಾಕ್ಟರರನ್ನು ಕೇಳದೆ ಗುಳಿಗೆ ಹೆಚ್ಚುಕಡಿಮೆ ಮಾಡಬೇಡಿ.

ಇವತ್ತು ಸಾವಕ್ಕ ಏನೂ ಹೇಳದೆ ನನ್ನ ಚೀಲದಲ್ಲಿ ಈ ಹಿತ್ತಾಳೆ ತಂಬಿಗಿ ಇಟ್ಟಳು. ಅದರೊಳಗೆ ನೀರಿದೆ. ಕೆಳಗೆ ಪಾತ್ರೆ ಇದೆ, ಸೋಪು ಇದೆ, ಯಂತ್ರ ಮೇಜಿನ ಮೇಲಿದೆ. ಮನೆಗೆ ಬಂದ ದೊಡ್ಡ ಮನುಷ್ಯರಿಗೆ ನಾವು ಕೈಗೆ ನೀರು ಹಾಕುತ್ತೇವಲ್ಲ? ಹಾಗೆ.

ಅಲ್ಲಾಸಾಬ, ಬಾರೋ. ಅವತ್ತು ನೀ ಏನೂ ತಿಂದಿರಲಿಲ್ಲ. ನೀ ಖರೇ ಹೇಳಿದ್ದಿ. ಸುಳ್ಳ ನಾ ಹೇಳಿದ್ದೆ, ತಪ್ಪು ನಂದು. ನಾ ನೀರು ಹಾಕತೇನಿ, ನೀ ಕೈ ತೊಳಿ. ನಿನ್ನ ಅಂಕಿ ಏನ ಬರಲಿ, ನಾ ಬೈಯೂದಿಲ್ಲ. ಸಣ್ಣಗ ಬೈತೇನಿ.

ಎದ್ದ. ಸಿತಾರಾ, ಅವನ ಕೈ ಬಿಡವ್ವ, ತಾನೇ ಬರುತ್ತಾನೆ. ಬಾಗಿಲ ಕಡೆಗಲ್ಲ, ಈ ಕಡೆಗೇ ಬರುತ್ತಿದ್ದಾನೆ. ಮುಂದಿನವರು ಕಾಲು ಒಳಗೆ ತೆಗೆದುಕೊಳ್ಳಿ, ಅವನ ಕಾಲಿನ ಬೆರಳಿಗೆ ತಾಗೀತು. ಚಪ್ಪಾಳೆ ಬೇಡ, ಅವನಿಗೆ ನಾಚಿಕೆ. ಉದಯಕುಮಾರ ಅವರೇ, ಆ ಪೇಡೆ ಡಬ್ಬಿಯನ್ನು ಯಂತ್ರದ ಹತ್ತಿರದಿಂದ ದೂರ ಇಡಿ! ಶಾಲನ್ನು ಮಾತ್ರ ಇಲ್ಲಿ ಕೊಡಿ. ಅವನು ಕೈ ತೊಳೆದ ಮೇಲೆ ಒರೆಸಲು ಸ್ವಚ್ಛ ಬಟ್ಟೆ ಬೇಕು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ಎರಡೂ ಕೈಯಲ್ಲಿ ತಂಬಿಗಿ ಹಿಡಿದಿದ್ದೇನೆ, ಕೈ ಮುಗಿಯಲು ಆಗುತ್ತಿಲ್ಲ. ಬಾಯಿಂದಲೇ ಹೇಳುತ್ತೇನೆ, ನಮಸ್ಕಾರ.