ಹರಿಹರದ ಲೈನಿನಲ್ಲಿ ಉಳಿದ ಒಂದು

ನಗುವುದಾದರೆ ಈಗಲೇ ನಕ್ಕುಬಿಡಿ. ಇದು ನಮ್ಮ ದೊಡ್ಡಪ್ಪನ ಮಗ ರಾಜಕುಮಾರನಿಗೆ ಆದದ್ದು, ಹದಿನೈದು ವರ್ಷದ ಹಿಂದೆ. ಹರಿಹರದ ಆಸ್ಪತ್ರೆಯಲ್ಲಿ ಹಳೆಯ ನೆಟ್‌ವರ್ಕ್ ಲೈನು ಕಿತ್ತು, ರಾತ್ರಿ ಹನ್ನೊಂದರ ಮೇಲೆ ಬಸ್ ಸ್ಟ್ಯಾಂಡಿಗೆ ನಡೆದು ಹೊರಟಿದ್ದ. ದಾರಿಯಲ್ಲಿ ಒಂದು ಹಾಳು ಬಾವಿ. ಅಲ್ಲಿಗೆ ಬರುವಾಗ ಹಿಂದೆ ಸದ್ದು... ಕಿರ್... ಕಿರ್... ಇವನು ನಿಂತರೆ ಅದೂ ನಿಲ್ಲುತ್ತದೆ. ಸಲೈನ್ ಬಾಟಲಿ ತೂಗುಹಾಕುವ ಸ್ಟ್ಯಾಂಡ್ ಇರುತ್ತಲ್ಲ, ಅದರ ಚಕ್ರ ಡಾಂಬರಿನ ಮೇಲೆ ಉರುಳುವ ಸದ್ದು.

ಅವನು ತಿರುಗಿ ನೋಡಲೇ ಇಲ್ಲ. ಕಾರಣ ಇತ್ತು.

ಅವನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ. ಆಗ ಇದ್ದದ್ದು ಫ್ರೇಮ್ ರಿಲೇ ಲೈನು, ಊರೂರಿನ ಶಾಖೆಗಳ ಕಂಪ್ಯೂಟರುಗಳನ್ನು ಜೋಡಿಸುವ ಹಳೇ ಬಾಡಿಗೆ ಲೈನು. ರೂಟರಿಗೆ ಒಂದೇ ಇಂಟರ್‌ಫೇಸು, ಅಂದರೆ ಲೈನು ಸಿಕ್ಕಿಸುವ ಕಿಂಡಿ, ಅದರೊಳಗೆ ಪಾಲು ಮಾಡಿದಂತೆ ಎರಡು ಸಬ್‌ಇಂಟರ್‌ಫೇಸು... ಒಂದು ಹರಿಹರದ ಶಾಖೆಗೆ, ಇನ್ನೊಂದು ಮಲೆಬೆನ್ನೂರಿಗೆ. ಈ ಬಾವಿಯ ರಾತ್ರಿಗೆ ಮೂರು ತಿಂಗಳ ಹಿಂದೆ ಒಂದು ಸಂಜೆ, ಮಲೆಬೆನ್ನೂರಿನ ಲೈನಿಗೆ ವೇಗದ ಮಿತಿ ಹಾಕಲೆಂದು ಮುಖ್ಯ ಇಂಟರ್‌ಫೇಸಿನ ಮೇಲೆ ಟ್ರಾಫಿಕ್ ಶೇಪಿಂಗ್ ಆನ್ ಮಾಡಿದ. ಹಾಗೆ ಮಾಡಿದ ಮೇಲೆ ಪ್ರತಿ ಲೈನಿಗೂ ಅದರದೇ ವೇಗ ಬರೆದುಕೊಡಬೇಕು. ಬಿಟ್ಟ ಲೈನನ್ನು ರೂಟರ್ ತಾನಾಗಿಯೇ ಐವತ್ತಾರು ಕಿಲೋಬಿಟ್ಟಿಗೆ, ಅಂದರೆ ದೊಡ್ಡ ಫೋಟೋ ಹೋಗಲು ಗಂಟೆಗಟ್ಟಲೆ ಹಿಡಿಯುವಷ್ಟಕ್ಕೆ, ಹಿಸುಕಿಬಿಡುತ್ತದೆ. ಪುಣ್ಯಾತ್ಮ, ಹರಿಹರಕ್ಕೆ ಬರೆಯುವುದನ್ನೇ ಮರೆತ.

ಅದೇ ರಾತ್ರಿ ಹರಿಹರದಲ್ಲಿ ಅಮೀನಾಬೀ ಎಂಬ ಮುದುಕಿಯನ್ನು ತಲೆನೋವು ತಡೆಯಲಾಗದೆ ಸೇರಿಸಿದ್ದರು. ಅವಳ ತಲೆಯ ಸ್ಕ್ಯಾನ್ ಮಧ್ಯಾಹ್ನವಷ್ಟೇ ದಾವಣಗೆರೆಯಲ್ಲಿ ತೆಗೆದದ್ದು, ಈ ಲೈನಿನ ಮೇಲೇ ಹರಿಹರಕ್ಕೆ ಬರಬೇಕಿತ್ತು. ಅದನ್ನು ನೋಡದೆ ಡಾಕ್ಟರು ಇಂಜೆಕ್ಷನ್ ಕೊಡುವಂತಿರಲಿಲ್ಲ. ನರ್ಸ್ ಸುಮಾ ರಾಜಕುಮಾರನಿಗೆ ಫೋನ್ ಮಾಡಿದಳು.

"ಸರ್, ಸ್ಕ್ಯಾನಿನ ಫೋಟೋ ಬರ್ತಾನೇ ಇಲ್ಲ."

"ಬರ್ತಾ ಐತೆ, ಕಾಯ್ರಿ," ಅಂದು ಮಲಗಿಬಿಟ್ಟ.

ಬೆಳಗಿನ ಜಾವ ಮುದುಕಿ ತೀರಿಹೋದಳು. ಇವನು ಆಫೀಸಿಗೆ ಬಂದು, ಮರೆತ ಸಾಲನ್ನು ಸೇರಿಸಿ, 'ಲೈನ್ ಕೆಟ್ಟಿತ್ತು' ಎಂದು ಬರೆದಿಟ್ಟ. ಯಾರಿಗೂ ಬಾಯಿ ಬಿಡಲಿಲ್ಲ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿರುವುದು ಅದಕ್ಕೇ.

ಈಗ ಬಾವಿಕಟ್ಟೆಯ ಹತ್ತಿರ... ಕಿರ್... ಪಕ್ಕದಲ್ಲೇ ಬಂದು ನಿಂತಿತು.

"ಫೋಟೋ ಬಂತಾ, ಬೇಟಾ?" ಪಿಸುದನಿ.

"ಯಾ... ಯಾವ ಫೋಟೋ, ಅಮ್ಮಾ?"

"ನನ್ನ ತಲೀದು. ನೀನೇ ಕಾಯ್ರಿ ಅಂದಿದ್ದಲ್ಲ... ಕಾಯ್ತಾ ಇದೀನಿ."

ತಿರುಗಿ ನೋಡಿದರೆ ಯಾರೂ ಇಲ್ಲ.

ಬೆಳಗಾಗುತ್ತಲೇ ಅವಳ ಮಗ ಅಸದ್‌ನ ಮನೆಗೆ ಹೋದ. "ತಪ್ಪು ನಂದೇ ಐತ್ರಿ" ಎಂದು ಎಲ್ಲ ಹೇಳಿ ಅತ್ತ.

"ಅವತ್ತು ಅಮ್ಮಿ ಸಲೈನ್ ಸ್ಟ್ಯಾಂಡ್ ಎಳ್ಕಂಡು ವಾರ್ಡಿನ ಬಾಗ್ಲಿಗೆ ಬಂದು ಬಂದು ಕೇಳ್ತಿದ್ಲು," ಅಂದ ಅಸದ್. "ಫೋಟೋ ಬಂತಾ ಅಂತ."

ಆಮೇಲೆ ಬಾಗಿಲು ಹಾಕಿಕೊಂಡ.

ಲೈನು ಕಿತ್ತ ಮೇಲೆ ಬೇಡವಾದ ಆ ರೂಟರ್ ಈಗ ರಾಜಕುಮಾರನ ಮನೆಯಲ್ಲಿದೆ. ಒಮ್ಮೆ ನನ್ನೆದುರಿಗೇ ಆನ್ ಮಾಡಿದ. ಹರಿಹರದ ಲೈನಿಲ್ಲ, ಒಂದು ವೈರೂ ಇಲ್ಲ. ಆದರೂ ಪರದೆಯ ಮೇಲೆ, ಹರಿಹರದ ಸರತಿಯಲ್ಲಿ ಹೋಗದೆ ಕಾಯುತ್ತಿರುವ ಪ್ಯಾಕೆಟ್, ಅಂದರೆ ಲೈನಿನಲ್ಲಿ ಹೋಗಬೇಕಾದ ಮಾಹಿತಿಯ ತುಣುಕು, ಎಷ್ಟು ಅಂದರೆ... ಒಂದು. ಆಫ್ ಮಾಡಿದರೆ ಸರತಿ ಖಾಲಿಯಾಗಬೇಕು, ಹಾಗಾಗಿ ಆಫ್ ಮಾಡಿ ಮತ್ತೆ ಆನ್ ಮಾಡಿದ. ಒಂದು. ಬೇರೆಯವರು ಹೇಳಿದ್ದಲ್ಲ, ನಾನೇ ಪಕ್ಕದಲ್ಲಿ ಕೂತು ಓದಿದ್ದು.