ಹೆಲಿಕಾಪ್ಟರಿನ ಮೂತಿ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಗಂಡ, ಹೆಂಡತಿ, ಗಂಡನ ತಮ್ಮ ಕೂತಿದ್ದರು. ತಮ್ಮನ ತೊಡೆಯ ಮೇಲೆ ರಿಮೋಟಿನಿಂದ ಹಾರಿಸುವ ಪುಟ್ಟ ಹೆಲಿಕಾಪ್ಟರ್.

“ಇಳಿಸಿದ ತಕ್ಷಣ ಚಾರ್ಜಿಗೆ ಹಾಕ್ಬೇಡ. ಬ್ಯಾಟರಿ ತಣ್ಣಗಾಗ್ಲಿ,” ಎಂದ ಅಣ್ಣ.

“ಸರಿ ಅಣ್ಣ.”

“ರೆಕ್ಕೇಲಿ ಕೂದಲೆಳೆಯಷ್ಟು ಬಿರುಕಿದ್ರೂ ಬದಲಾಯಿಸು. ಗಾಳಿ ಇದ್ರೆ ಹಾರಿಸ್ಲೇಬೇಡ.”

“ಇಷ್ಟೆಲ್ಲ ಗೊತ್ತಿದ್ದೂ ನೀನ್ಯಾಕೆ ಹಾರಿಸ್ತಿರ್ಲಿಲ್ಲ?”

“ಅಪ್ಪ ಬಿಡ್ಬೇಕಲ್ಲ. ಒರೆಸೋದು, ಸ್ಕ್ರೂ ಬಿಗಿ ಮಾಡೋದು ನಂದು. ಹಾರಿಸೋದು ಅವರದು.”

“ತೀರಿಕೊಳ್ಳೋ ಮುಂಚೆ ಇದು ನಂಗೇ ಸೇರ್ಬೇಕು ಅಂದಿದ್ರಂತೆ.”

“ಹೂಂ. ಅದಕ್ಕೇ ಕೊಡ್ತಿರೋದು.”

“ಮತ್ತೇನಾದ್ರೂ ಇದೆಯಾ?”

“ಅಷ್ಟೇ. ಬಸ್ ಬಂತು, ಹತ್ತು.”

ತಮ್ಮ ಹತ್ತಿದ ಬಸ್ಸು ತಿರುವು ದಾಟಿದ ಮೇಲೆ ಹೆಂಡತಿ ಬಾಯಿಬಿಟ್ಟಳು.

“ರೀ, ಹೆಲಿಕಾಪ್ಟರಿನ ಮೂತಿ ನಮ್ಮ ಕಡೆ ತಿರುಗಿದ್ರೆ ರಿಮೋಟಿನ ಎಡ-ಬಲ ಅದಲುಬದಲಾಗುತ್ತೆ ಅಂತ ಹೇಳ್ಲೇ ಇಲ್ವಲ್ಲ?”

“ನಂಗೂ ಯಾರೂ ಹೇಳಿರ್ಲಿಲ್ಲ. ಮೊದಲ ಸಲ ರಿಮೋಟ್ ಹಿಡಿದವನು ಗೋಡೆಗೆ ಹೊಡೆಸ್ದೆ. ಅಪ್ಪ ಬಾಯಿಗೆ ಬಂದ ಹಾಗೆ ಬೈದು ಕಿತ್ಕೊಂಡ್ರು. ಆಮೇಲೆ ಕೊಡ್ಲೇ ಇಲ್ಲ.”

“ಅವನೂ ಹೊಡೆಸ್ತಾನಲ್ರೀ.”

ಗಂಡ ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಹೊಡೆಸ್ಲಿ. ಬೈಯೋಕೆ ಅಪ್ಪ ಇಲ್ವಲ್ಲ, ಅವನು ಪುಣ್ಯವಂತ. ನಡಿ.”