ಮೈಮೇಲಿನ ಹೊಲಿಗೆ

ಯಾರ್ಕ್ ಪಟ್ಟಣದಲ್ಲಿ ಆ ಮಧ್ಯಾಹ್ನ ಮಳೆ ಬಿಡುವ ಲಕ್ಷಣವಿರಲಿಲ್ಲ. ಹೊಲಿಗೆ ಕೋಣೆಯಲ್ಲಿ ನಾವು ಐದು ಜನ ಹೆಂಗಸರು ಒಲೆಯ ಸುತ್ತ ಕೂತಿದ್ದೆವು. ತೊಟ್ಟಿದ್ದ ಅಂಗಿಯ ತೋಳಿಗೆ ನಾನು ಗುಂಡಿ ಹೊಲಿದುಕೊಳ್ಳುತ್ತಿದ್ದಾಗ ಡಾರ್ಕಸ್ ಅಜ್ಜಿ, "ತೊಟ್ಟ ಬಟ್ಟೇನ ಮೈಮೇಲೇ ಹೊಲೀಬಾರ್ದು ಕಣೇ!" ಎಂದು ಪಟ್ಟನೆ ಕೈಮೇಲೆ ಹೊಡೆದಳು.

"ಸಾಕು ನಿನ್ನ ಗೊಡ್ಡು ಶಾಸ್ತ್ರ!" ಎಂದು ರೇಗಿದೆ.

"ಗೊಡ್ಡು ಅಂತೀಯೇನೇ ಹೆಸ್ಟರ್? ಕೇಳ್ರೇ ಎಲ್ರೂ... ನಲವತ್ತು ವರ್ಷದ ಹಿಂದಿನ ಮಾತು. ಆಗಿನ ಗೌನು ಈಗಿನ ಹಾಗೆ ಗುಡಾರ ಅಲ್ಲ. ಎದೆ ಕೆಳಗೇ ಸೊಂಟ, ಅಲ್ಲಿಂದ ನೆಲದವರೆಗೆ ಮಂಜಿನಂಥ ಬಿಳಿ ಮಸ್ಲಿನ್. ಲೆಟಿಷಿಯಾ ಅಂತ ಕರ್ನಲ್ ಒಬ್ಬನ ಮಗಳು, ಕುಣಿತದ ಕೂಟಕ್ಕೆ ಹೊರಟು ನಿಂತಿದ್ಲು. ಬಾಗಿಲಲ್ಲಿ ಗಾಡಿ, ನಾನು ಬಿಗಿಯೋಕೆ ಹೋದ್ರೆ ಬೆನ್ನಿನ ಲಾಡಿ ಕಿತ್ತು ಕೈಗೆ ಬಂತು. 'ಮೈಮೇಲೇ ಹೊಲಿ' ಅಂದ್ಲು. ಬೇಡ ಅಮ್ಮಾವ್ರೇ, ತೊಡಿಸಿ ಹೊಲಿಯೋದು ಹೆಣಕ್ಕೆ ಮಾತ್ರ ಅಂದೆ. 'ಹೊಲಿಯದಿದ್ರೆ ನಾಳೆಯಿಂದ ಈ ಊರಲ್ಲಿ ಯಾರೂ ನಿನ್ನ ಕೈಗೆ ಸೂಜಿ ಕೊಡಲ್ಲ' ಅಂದ್ಲು. ಏನ್ಮಾಡ್ಲಿ?

ದೋಷಕ್ಕೊಂದು ಪರಿಹಾರ ಇದೆಯಲ್ಲ... ಒಂದೆಳೆ ದಾರ ಹಲ್ಲಲ್ಲಿ ಕಚ್ಚಿಕೊಳ್ಳಿ, ಗಂಟು ಹಾಕೋವರೆಗೂ ಮಾತಾಡಬೇಡಿ ಅಂದೆ. ಕಚ್ಚಿದ್ಲು. ನಾನೋ, ಕೈಚಳಕ ತೋರ್ಸೋಕೆ ಹೋಗಿ ಸಾಸಿವೆಯಂಥ ಹೊಲಿಗೆ ಹಾಕಿದೆ, ನೂರಹತ್ತು! ಇನ್ನೇನು ಗಂಟು ಹಾಕ್ಬೇಕು... 'ನಾನೇನು ಹಸುವೇನೇ, ಮೆಲುಕು ಹಾಕೋಕೆ?' ಅಂತ ನಕ್ಕು ದಾರ ಉಗಿದುಬಿಟ್ಲು.

ಕುಣಿದು ಬೆವೆತ ಮೈಯಲ್ಲೇ ಆಚೆ ಬಂದು, ಸುರಿಯೋ ಮಳೇಲಿ ಗಾಡಿ ಕಾಯ್ತಾ ನಿಂತ್ಲಂತೆ. ಆರನೇ ದಿನ ತೀರಿಹೋದ್ಲು. ಆ ಗೌನಲ್ಲೇ ಮಣ್ಣು ಮಾಡಿದ್ರು. ಯಾಕೆ ಗೊತ್ತೇನ್ರೇ? ಯಾವ ಕತ್ತರಿಯೂ ಆ ದಾರಕ್ಕೆ ನಾಟಲಿಲ್ಲ!

ಮುಂದಿನ ಮಳೆಗೆ ಬಂದ್ಲು... ನನ್ನ ಕೋಣೆ ಬಾಗಿಲು ಹಾಕಿದ ಹಾಗೇ ಇತ್ತು. ನನಗೆ ಬೆನ್ನು ಮಾಡಿ ನಿಂತು, 'ಬಿಚ್ಚು' ಅಂದ್ಲು. ಒಂದು ಹೊಲಿಗೆ ಬಿಚ್ಚಿತು. ಎರಡನೇದಕ್ಕೆ ಸೂಜಿ ಹಾಕಿದ್ರೆ ಸಿಕ್ಕಿದ್ದು ದಾರ ಅಲ್ಲ ಕಣ್ರೇ, ಚರ್ಮ. ತಣ್ಣಗೆ... ಅವತ್ತಿಂದ ವರ್ಷಕ್ಕೆ ಎರಡು ಸಲ ಬರ್ತಾಳೆ. ಬಂದಾಗೊಂದು. ಅಷ್ಟೂ ಬಿಚ್ಚೋವರೆಗೆ ಅವಳಿಗೆ ಮಣ್ಣಲ್ಲಿ ನೆಮ್ಮದಿಯಾಗಿ ಮಲಗೋ ಹಾಗಿಲ್ಲ."

"ಇನ್ನೆಷ್ಟು ಉಳಿದಿದೆ?" ಎಂದೆ. ತೋಳಿಗೆ ಚುಚ್ಚಿದ್ದ ಸೂಜಿಯನ್ನು ಕಿತ್ತಿಟ್ಟೆ.

"ಮೂವತ್ತೊಂದು. ನನಗಷ್ಟು ಆಯಸ್ಸೆಲ್ಲಿದ್ಯೇ? ಹೋದ ಮಂಗಳವಾರ ಅವಳೇ ಕೇಳಿದ್ಲು, ನಿನ್ನ ನಂತರ ಯಾರು ಅಂತ. ಇಲ್ಲಿ ನಿನ್ನಷ್ಟು ನಯವಾದ ಕೈ ಇನ್ಯಾರದಿದೆ ಹೆಸ್ಟರ್... ಹೆಸರು ಹೇಳ್ಬಿಟ್ಟೆ ಕಣೇ. ಬಂದು ಬೆನ್ನು ಮಾಡಿ ನಿಂತ್ರೆ ರೇಗಬೇಡ. ಒಂದೇ ಒಂದು ಬಿಚ್ಚು. ಎರಡನೇದನ್ನ ಮುಟ್ಟಬೇಡ."